1978ರ ಬೇಸ್ ಗಿಟಾರ್ ಕಲಬುರಗಿಯ ಬೇಸಿಗೆಯನ್ನು ತಡೆದೀತೆ?

ಪ್ರಶ್ನೆ: ನಾನು ಕಲಬುರಗಿಯ ಒಂದು ಶಾಲೆಯಲ್ಲಿ ಶಿಕ್ಷಕ. ಹದಿನಾಲ್ಕು ವರ್ಷಗಳಿಂದ ಬೇಸ್ ಗಿಟಾರ್ (ತಗ್ಗು ಸ್ವರಗಳ ಗಿಟಾರ್) ನುಡಿಸುತ್ತಿದ್ದೇನೆ. ಭಾನುವಾರ ಚರ್ಚಿನಲ್ಲಿ, ಗಣೇಶ ಹಬ್ಬ ಮತ್ತು ಮದುವೆಯ ಹಂಗಾಮಿನಲ್ಲಿ ರಸಮಂಜರಿ ತಂಡದೊಂದಿಗೆ ನುಡಿಸುತ್ತೇನೆ. ಈಗ ನನ್ನ ಬಳಿ ಇರುವುದು ಹದಿನೈದು ಸಾವಿರ ರೂಪಾಯಿಯ ಸಾಧಾರಣ ವಾದ್ಯ. ಹೈದರಾಬಾದಿನಲ್ಲಿ ಒಬ್ಬರು ಅಮೆರಿಕದ ಫೆಂಡರ್ ಕಂಪನಿಯ 1978ರ ಜಾಝ್ ಬೇಸ್ ಮಾರಲು ಇಟ್ಟಿದ್ದಾರೆ, ಎರಡೂಮುಕ್ಕಾಲು ಲಕ್ಷ ಕೇಳುತ್ತಿದ್ದಾರೆ. ವಾದ್ಯದ ತಲೆಯ ಮೇಲೆ ‘ಎಸ್8’ ಎಂದು ಆರಂಭವಾಗುವ ಸಂಖ್ಯೆಯಿದೆ, ರೋಸ್‌ವುಡ್ ಫಿಂಗರ್‌ಬೋರ್ಡಿನಲ್ಲಿ (ಬೆರಳೊತ್ತುವ ಹಲಗೆಯಲ್ಲಿ) ಬಿಳಿಯ ಚೌಕಗಳಿವೆ, ಹಿಂಬದಿಯಲ್ಲಿ ನೆಕ್ಕಿಗೆ, ಅಂದರೆ ವಾದ್ಯದ ಉದ್ದನೆಯ ಕತ್ತಿಗೆ, ಮೂರೇ ಸ್ಕ್ರೂಗಳಿವೆ. ಮೂರು ಸ್ಕ್ರೂ ಇರುವುದು ಕೆಲಸಕ್ಕೆ ಬಾರದು ಎಂದು ಗೆಳೆಯ ಹೇಳುತ್ತಾನೆ. ಮರ ಒಣಗಿದಷ್ಟೂ ನಾದ ಸಿಹಿಯಾಗುತ್ತದೆ, ಬೆಲೆ ಎಂದೂ ಇಳಿಯುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ನೆಕ್ ಸ್ವಲ್ಪ ಬಾಗಿದಂತಿತ್ತು, ಅದು ಎರಡು ನಿಮಿಷದ ಕೆಲಸ ಎಂದರು. ಒಂದು ವಾಲ್ಯೂಮ್ ಇಳಿಸಿದರೆ ಗುಂಯ್ ಎನ್ನುತ್ತಿತ್ತು. ಇನ್ನೂ ನಲವತ್ತು ಸಾವಿರ ಕೊಟ್ಟರೆ ಒಂದು ಹಳೆಯ ಅಮೆರಿಕನ್ ವಾಲ್ವ್ ಆಂಪ್ಲಿಫೈಯರನ್ನೂ ಕೊಡುತ್ತಾರಂತೆ. ‘ನಮ್ಮೂರಿನ ಮೇ ತಿಂಗಳಿಗೆ ಇದು ಉಳಿಯುತ್ತದೆಯೇ’ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಅಳುಕು ಒಂದೇ ಎಂದು ನನಗೆ ಅನ್ನಿಸುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಒಂದು ವಾದ್ಯದ ಮೇಲೆ ಹಾಕಿದ ಮೇಲೆ ಅದು ಸುಳ್ಳು ಎಂದೋ ಸೊಟ್ಟ ಎಂದೋ ಗೊತ್ತಾದರೆ ಏನು ಮಾಡುವುದು ಎಂಬ ಅಳುಕು ಅದು. ನಾನು ಇಪ್ಪತ್ತೆರಡು ವರ್ಷಗಳಿಂದ ಇದೇ ಭಾಗದಲ್ಲಿ ತಂತಿವಾದ್ಯಗಳನ್ನು ದುರಸ್ತಿ ಮಾಡುತ್ತಿದ್ದೇನೆ. ಸುಳ್ಳು ವಾದ್ಯ ಕೊಂಡು ಕೆಟ್ಟವರನ್ನು ಕಂಡದ್ದು ಕಡಿಮೆ. ಅಸಲಿಯಾದ, ಆದರೆ ನೆಕ್ ಕೆಟ್ಟಿದ್ದ ವಾದ್ಯ ಕೊಂಡು ಪೆಟ್ಟು ತಿಂದವರನ್ನು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಕಂಡಿದ್ದೇನೆ. ಆದ್ದರಿಂದ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಎಸ್8 ಎಂಬ ಸಂಖ್ಯೆಯೂ ಅಲ್ಲ, ಮೂರು ಸ್ಕ್ರೂಗಳೂ ಅಲ್ಲ. ‘ನೆಕ್ ಸ್ವಲ್ಪ ಬಾಗಿದಂತಿತ್ತು’ ಎಂದು ನೀವು ನಡುವೆ ಹೇಳಿ ಮುಂದೆ ಹೋಗಿಬಿಟ್ಟ ಆ ನಾಲ್ಕು ಮಾತು.

ಆದರೂ ಮೊದಲು ಅಸಲಿತನದ ಮಾತು ಮುಗಿಸೋಣ. ಜಾಝ್ ಬೇಸ್ ಮಾರುಕಟ್ಟೆಗೆ ಬಂದದ್ದು 1960ರಲ್ಲಿ, ಅದರ ಅಣ್ಣನಾದ ಪ್ರಿಸಿಷನ್ ಬೇಸ್ 1951ರಲ್ಲಿ. 1965ರಲ್ಲಿ ಅಮೆರಿಕದ ಪ್ರಸಾರ ಸಂಸ್ಥೆಯಾದ ಸಿಬಿಎಸ್ ಫೆಂಡರನ್ನು ಕೊಂಡುಕೊಂಡಿತು, 1985ರವರೆಗೆ ಅದು ಅವರ ಕೈಯಲ್ಲಿತ್ತು. ಹೀಗಾಗಿ 1978ರ ವಾದ್ಯ ಆ ಕಾಲದ ನಟ್ಟನಡುವಿನದು. 1970ರ ದಶಕದ ನಡುಭಾಗದಿಂದ ಜಾಝ್ ಬೇಸಿಗೆ ಮೂರು ಸ್ಕ್ರೂಗಳ ನೆಕ್ಕನ್ನೇ ಕೂರಿಸುತ್ತಿದ್ದರು, ತಲೆಯ ತುದಿಯಲ್ಲಿ ಟ್ರಸ್ ರಾಡಿನ (ನೆಕ್ಕಿನೊಳಗಿನ ಉಕ್ಕಿನ ಸರಳಿನ) ಗುಂಡಿನಾಕಾರದ ನಟ್ ಇರುತ್ತಿತ್ತು, ಫಿಂಗರ್‌ಬೋರ್ಡಿನ ಗುರುತುಗಳು ಚೌಕವಾಗಿದ್ದವು, ಬ್ರಿಜ್ (ಒಡಲಿನ ಮೇಲೆ ತಂತಿಗಳು ಕೂರುವ ಕುದುರೆ) ಕಡೆಯ ಪಿಕಪ್, ಅಂದರೆ ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಸುರುಳಿ, 1960ರ ದಶಕದ್ದಕ್ಕಿಂತ ಸ್ವಲ್ಪ ಹಿಂದಕ್ಕೆ, ಅಂದರೆ ಬ್ರಿಜ್‌ಗೆ ಇನ್ನಷ್ಟು ಹತ್ತಿರ ಸರಿದಿತ್ತು. ಅಂದರೆ ನಿಮ್ಮ ಗೆಳೆಯ ಯಾವುದನ್ನು ದೋಷ ಎಂದರೋ ಅದೇ ಮೂರು ಸ್ಕ್ರೂ ಇಲ್ಲಿ ಅಸಲಿತನದ ಪರವಾದ ಸಾಕ್ಷಿ. 1978ರದ್ದೆಂದು ಹೇಳುವ ಪ್ರಿಸಿಷನ್ ಬೇಸಿನಲ್ಲಿ ಮೂರು ಸ್ಕ್ರೂ ಕಂಡಿದ್ದರೆ ನಾನೇ ಅನುಮಾನ ಪಡುತ್ತಿದ್ದೆ, ಏಕೆಂದರೆ ಅದರಲ್ಲಿ ನಾಲ್ಕೇ ಮುಂದುವರಿದವು.

ತಲೆಯ ಮೇಲಿನ ಸಂಖ್ಯೆಗೆ ಮಾತ್ರ ಹೆಚ್ಚು ಬೆಲೆ ಕೊಡಬೇಡಿ. 1976ರಿಂದ ಈಚೆಗೆ ಸಂಖ್ಯೆಯನ್ನು ತಲೆಯ ಮೇಲಿನ ಅಂಟುಚಿತ್ರದಲ್ಲಿ ಮುದ್ರಿಸತೊಡಗಿದರು. ‘ಎಸ್’ ಎಂದರೆ ಎಪ್ಪತ್ತರ ದಶಕ, ‘8’ ಎಂದರೆ ಎಂಟನೇ ವರ್ಷ. ಆದರೆ ಮುದ್ರಿಸಿಟ್ಟದ್ದು ಮುಗಿಯುವವರೆಗೆ ಬಳಸುವುದು ಎಲ್ಲ ಕಾರ್ಖಾನೆಗಳ ಪದ್ಧತಿಯಾದ್ದರಿಂದ ಒಂದು ವರ್ಷ ಆಚೀಚೆ ಆಗುವುದು ಸಹಜ. ಅಂಥ ಅಂಟುಚಿತ್ರಗಳನ್ನು ಇಂದು ಮನೆಯಲ್ಲಿ ಕುಳಿತೇ ತರಿಸಿಕೊಳ್ಳಬಹುದು ಎಂಬುದೂ ನಿಜ. ಅದಕ್ಕಿಂತ ನಂಬಬಹುದಾದ ಗುರುತು ಒಳಗಿದೆ. ವಾಲ್ಯೂಮ್ ಮತ್ತು ಟೋನ್ ಗುಬ್ಬಿಗಳಿರುವ ಲೋಹದ ಫಲಕವನ್ನು ಬಿಚ್ಚಿಸಿ ಆ ಗುಬ್ಬಿಗಳ ಕೆಳಗಿರುವ ಪೊಟೆನ್ಷಿಯೋಮೀಟರುಗಳ ಬೆನ್ನನ್ನೋ ಪಕ್ಕವನ್ನೋ ನೋಡಿ. ಅಲ್ಲಿ ಏಳು ಅಂಕಿಗಳ ಒಂದು ಮುದ್ರೆ ಇರುತ್ತದೆ. ಮೊದಲ ಮೂರು ಅಂಕಿ ತಯಾರಕರ ಗುರುತು. 137 ಎಂದಿದ್ದರೆ ಅದು ಸಿಟಿಎಸ್ ಕಂಪನಿಯದು. ನಂತರದ ಎರಡು ವರ್ಷ, ಕೊನೆಯ ಎರಡು ಆ ವರ್ಷದ ಎಷ್ಟನೇ ವಾರ ಎಂಬುದು. 1377814 ಎಂದು ಕಂಡರೆ 1978ರ ಹದಿನಾಲ್ಕನೇ ವಾರದಲ್ಲಿ ಆ ಪೊಟೆನ್ಷಿಯೋಮೀಟರ್ ತಯಾರಾಯಿತು ಎಂದು ತಿಳಿಯಬೇಕು.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಈ ಮುದ್ರೆ ವಾದ್ಯದ ಜನ್ಮದಿನವಲ್ಲ, ವಾದ್ಯ ಅದಕ್ಕಿಂತ ಮೊದಲು ಹುಟ್ಟಿಲ್ಲ ಎಂಬುದಷ್ಟೇ ಅದರ ಅರ್ಥ. 1966ರಲ್ಲಿ ಫೆಂಡರ್ ಕಾರ್ಖಾನೆ ಈ ಬಿಡಿಭಾಗಗಳನ್ನು ರಾಶಿಗಟ್ಟಲೆ ಕೊಂಡು ಹಲವು ವರ್ಷ ಬಳಸಿತು. ಆದ್ದರಿಂದ 1966ರ ಮುದ್ರೆ ಹೊತ್ತ 1969ರ ಗಿಟಾರುಗಳು ಎಷ್ಟೋ ಇವೆ. 1978ರ ವಾದ್ಯದೊಳಗೆ 1977ರ ಮುದ್ರೆ ಕಂಡರೆ ಚಿಂತೆಯಿಲ್ಲ. 1983ರದ್ದು ಕಂಡರೆ ಯಾರೋ ಬದಲಿಸಿದ್ದಾರೆ ಎಂದರ್ಥ, ಅದನ್ನು ಮೊದಲೇ ಹೇಳಿದ್ದರೆ ಅದೂ ಅಪರಾಧವಲ್ಲ. ಬೆಸುಗೆಯನ್ನೂ ನೋಡಿ. ಹಳೆಯ ಬೆಸುಗೆ ಮಂಕಾಗಿ, ಧೂಳಿನ ಪದರ ಹೊತ್ತು ಕುಳಿತಿರುತ್ತದೆ. ಹೊಳೆಯುವ ಬೆಸುಗೆ ಇತ್ತೀಚಿನದು. ಈ ಫಲಕ ಬಿಚ್ಚಲು ಮೂರು ನಿಮಿಷ ಸಾಕು. ಬಿಚ್ಚಲು ಒಪ್ಪದವರ ಜೊತೆ ಎರಡೂಮುಕ್ಕಾಲು ಲಕ್ಷದ ವ್ಯವಹಾರ ಮಾಡಬೇಡಿ.

ಮೈಮೇಲಿನ ಸವೆತದ ಬಗ್ಗೆ ಒಂದು ಮಾತು. ನಮ್ಮ ಬೀದರಿನ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಹಚ್ಚಿ ಸ್ವಲ್ಪ ಹೊತ್ತಿನಲ್ಲೇ ಕಡುಗಪ್ಪು ಬರಿಸುತ್ತಾರೆ. ನೋಡಿದವರಿಗೆ ನೂರು ವರ್ಷದ ಪಾತ್ರೆ ಎನ್ನಿಸಬೇಕು. ಅದು ಕಲೆ, ಅಲ್ಲಿ ಯಾರೂ ಯಾರಿಗೂ ಸುಳ್ಳು ಹೇಳುತ್ತಿಲ್ಲ. ಗಿಟಾರಿಗೂ ಹೀಗೆ ಮುಪ್ಪು ಬರಿಸುವವರಿದ್ದಾರೆ, ಕೆಲವು ಕಂಪನಿಗಳು ಬಹಿರಂಗವಾಗಿಯೇ ಹಾಗೆ ಮಾಡಿ ಮಾರುತ್ತವೆ. ತೊಂದರೆ ಬರುವುದು ಅಂಥದ್ದನ್ನು ಎರಡನೆಯವರು ಹಳೆಯದೆಂದು ಮಾರಿದಾಗ. ನಿಜವಾದ ಸವೆತ ನುಡಿಸುವವನ ಮೈಯನ್ನು ಹಿಂಬಾಲಿಸುತ್ತದೆ: ಬಲಗೈ ಮುಂಗೈ ಒರಗುವ ಮೇಲಂಚು, ಹೆಬ್ಬೆರಳು ಊರುವ ಪಿಕಪ್ಪಿನ ಮೂಲೆ, ಹಿಂಬದಿಯಲ್ಲಿ ಬೆಲ್ಟಿನ ಬಕ್ಕಲ್ ತಾಗುವ ಜಾಗ, ಮೊದಲ ಐದು ಫ್ರೆಟ್‌ಗಳು (ಹಲಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳು). ಕೈಯೂ ಬೆಲ್ಟೂ ಮುಟ್ಟದ ಕಡೆ ಬಣ್ಣ ಸುಂದರವಾಗಿ ಸವೆದಿದ್ದರೆ ಅಲ್ಲಿ ಮರಳುಕಾಗದ ಓಡಾಡಿದೆ. 1978ರ ಜಾಝ್ ಬೇಸಿಗೆ ದಪ್ಪನೆಯ ಪಾಲಿಯೆಸ್ಟರ್ ಬಣ್ಣ ಹಾಕುತ್ತಿದ್ದರು. ಅದು ಚಕ್ಕೆಯಾಗಿ ಏಳುತ್ತದೆಯೇ ಹೊರತು 1960ರ ದಶಕದ ತೆಳು ನೈಟ್ರೋಸೆಲ್ಯುಲೋಸ್ ಬಣ್ಣದ ಹಾಗೆ ನಯವಾಗಿ ಕರಗುವುದಿಲ್ಲ.

ಈಗ ‘ಮರ ಒಣಗಿದಷ್ಟೂ ನಾದ ಸಿಹಿ’ ಎಂಬ ಮಾತು. ವೀಣೆಯಂಥ, ಒಡಲೇ ನಾದ ಕೊಡುವ ವಾದ್ಯಗಳಲ್ಲಿ ಮರದ ಗುಣ, ಅದರ ಒಣಗುವಿಕೆ ಕಿವಿಗೆ ಗೊತ್ತಾಗುತ್ತದೆ. ಆದರೆ ಗಟ್ಟಿ ದಿಮ್ಮಿಯಿಂದ ಕಡೆದ ಎಲೆಕ್ಟ್ರಿಕ್ ಬೇಸಿನಲ್ಲಿ ಸ್ಪೀಕರಿಗೆ ಹೋಗುವುದು ಆಯಸ್ಕಾಂತದ ಮೇಲೆ ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತು. ಅಲ್ಲಿ ತಂತಿ, ಪಿಕಪ್, ಪಿಕಪ್ ಇರುವ ಜಾಗ, ನುಡಿಸುವವನ ಬೆರಳು ಇವುಗಳದ್ದೇ ಮೇಲುಗೈ. ಹಳೆಯ ವಾದ್ಯಗಳೆಲ್ಲ ಒಳ್ಳೆಯವು ಎನ್ನಿಸಲು ಬೇರೆ ಕಾರಣವೂ ಇದೆ: ಕೆಟ್ಟವು ಎಂದೋ ಅಟ್ಟ ಸೇರಿವೆ ಇಲ್ಲವೇ ಬಿಡಿಭಾಗಗಳಾಗಿ ಮಾರಾಟವಾಗಿವೆ. ಡೆಟ್ರಾಯಿಟಿನ ಹೆಸರಾಂತ ಬೇಸ್ ವಾದಕ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್ ಬೇಸನ್ನು ನುಡಿಸುತ್ತಿದ್ದಾಗ ಅದು ಹೊಸ ವಾದ್ಯವಾಗಿತ್ತು, ಹಳೆಯವಾಗಿದ್ದದ್ದು ಅವರ ತಂತಿಗಳು! ನುಣುಪು ಸುತ್ತಿನ ಫ್ಲಾಟ್‌ವೂಂಡ್ ತಂತಿಗಳನ್ನು ಅವರು ತುಂಡಾಗುವವರೆಗೆ ಬದಲಿಸುತ್ತಿರಲಿಲ್ಲ. ಇನ್ನೊಬ್ಬ ಹೆಸರಾಂತ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸಿನ ಫ್ರೆಟ್‌ಗಳನ್ನೇ ಕಿತ್ತು, ಹಲಗೆಗೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದುಕೊಂಡರು. ಇಂದಿನ ಸಂಗ್ರಾಹಕರು ಅದನ್ನು ಕಂಡಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರೋ ಏನೋ.

ಸಂಗ್ರಹಕ್ಕೆ ಕೊಳ್ಳುವುದು ಬೇರೆ, ನುಡಿಸಲು ಕೊಳ್ಳುವುದು ಬೇರೆ. ಮೇಲಿನ ಬಣ್ಣವನ್ನು ಮತ್ತೆ ಬಳಿದಿದ್ದರೆ ಹಳೆಯ ವಾದ್ಯದ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ವ್ಯಾಪಾರದ ರೂಢಿಯ ಲೆಕ್ಕ; ಫ್ರೆಟ್ ಬದಲಿಸಿದ್ದರೆ, ತಂತಿ ಬಿಗಿಯುವ ಕೀಲಿಗಳು ಬೇರೆಯಾಗಿದ್ದರೆ ಅದಕ್ಕೂ ಕಡಿತವುಂಟು. ಆದರೆ ನೀವು ವಾರವಾರವೂ ನುಡಿಸುವವರು. ಬಣ್ಣ ಬಳಿಸಿದ, ಫ್ರೆಟ್ ಹೊಸದಾಗಿ ಹಾಕಿಸಿದ ವಾದ್ಯ ನಿಮಗೆ ಕಡಿಮೆ ಬೆಲೆಗೆ ಸಿಗುವ ಅದೃಷ್ಟ. ‘ಬೆಲೆ ಎಂದೂ ಇಳಿಯುವುದಿಲ್ಲ’ ಎಂಬ ಮಾತಿನಲ್ಲಿ ಒಂದು ಕೊರತೆಯಿದೆ. ಬೆಲೆ ಇಳಿಯದೇ ಇರಬಹುದು, ಆದರೆ ತುರ್ತು ಬಂದಾಗ ಕಲಬುರಗಿಯಲ್ಲಿ ಎರಡೂಮುಕ್ಕಾಲು ಲಕ್ಷಕ್ಕೆ ಬೇಸ್ ಕೊಳ್ಳುವವರು ಎಷ್ಟು ಮಂದಿ ಸಿಗುತ್ತಾರೆ? ಚಿನ್ನವಾದರೆ ಸಂಜೆಯೊಳಗೆ ಹಣವಾಗುತ್ತದೆ. ಇದಕ್ಕೆ ಹೈದರಾಬಾದು, ಬೆಂಗಳೂರು ಸುತ್ತಿ ತಿಂಗಳುಗಟ್ಟಲೆ ಕಾಯಬೇಕು.

ಇನ್ನು ನೆಕ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜಾಝ್ ಬೇಸಿನಲ್ಲಿ ತಂತಿಯ ನುಡಿಯುವ ಉದ್ದ 34 ಇಂಚು, ಅಂದರೆ ಸುಮಾರು 864 ಮಿಲಿಮೀಟರ್. ಸಾಧಾರಣ ದಪ್ಪದ ನಾಲ್ಕು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಒಟ್ಟು ಎಳೆತ ಸುಮಾರು 75 ಕಿಲೋ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಜೋತುಬಿದ್ದಂತೆ ಆ ಭಾರ ಮೇಪಲ್ ಮರದ ಒಂದು ತೆಳು ಪಟ್ಟಿಯನ್ನು ಮುಂದಕ್ಕೆ ಎಳೆಯುತ್ತಿರುತ್ತದೆ. ಒಳಗೆ ಹುದುಗಿರುವ ಉಕ್ಕಿನ ಸರಳು, ಟ್ರಸ್ ರಾಡ್, ಹಿಂದಕ್ಕೆ ತಡೆದು ಹಿಡಿಯುತ್ತದೆ. ಈ ಜಗ್ಗಾಟದಲ್ಲಿ ಮೂರನೆಯವನಾಗಿ ಗಾಳಿಯ ತೇವ ಸೇರಿಕೊಳ್ಳುತ್ತದೆ. ಮರ ತೇವ ಕುಡಿದು ಹಿಗ್ಗುತ್ತದೆ, ಬಿಟ್ಟು ಕುಗ್ಗುತ್ತದೆ, ಮತ್ತು ಮೇಪಲ್ ಕುಗ್ಗುವಷ್ಟೇ ರೋಸ್‌ವುಡ್ ಕುಗ್ಗುವುದಿಲ್ಲ. ಅಂದಹಾಗೆ ನಿಮ್ಮ ವಾದ್ಯದ ಫಿಂಗರ್‌ಬೋರ್ಡ್ ಬಹುಮಟ್ಟಿಗೆ ನಮ್ಮ ಬೀಟೆ ಮರವೇ. 1960ರ ದಶಕದ ನಡುವಿನಿಂದ ಫೆಂಡರ್ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಭಾರತದ ಬೀಟೆಗೆ ತಿರುಗಿತು. ಇಲ್ಲಿಂದ ಹೋದ ಮರ ಕ್ಯಾಲಿಫೋರ್ನಿಯಾ ಸುತ್ತಿ ಬಂದಿದೆ.

ನಮ್ಮೂರಿನ ಬಿಸಿಲಿನ ಬಗ್ಗೆ ನಿಮ್ಮ ಮನೆಯವರು ಕೇಳಿದ ಪ್ರಶ್ನೆ ಬಹಳ ಸರಿಯಾದದ್ದು, ಆದರೆ ಅಪರಾಧಿ ಮಾತ್ರ ಬೇರೆ. ಮನೆಯೊಳಗಿನ 38 ಡಿಗ್ರಿಗೆ ಮರ ಕೆಡುವುದಿಲ್ಲ. ಕೆಡುವುದು ತೇವದ ಏರಿಳಿತಕ್ಕೆ. ಏಪ್ರಿಲ್ ಮಧ್ಯಾಹ್ನ ನಮ್ಮ ಗಾಳಿ ಬಾಯಿ ಒಣಗಿಸುವಷ್ಟು ಒಣ. ಸಂಜೆ ನಾವು ಕೂಲರ್ ಹಚ್ಚುತ್ತೇವೆ, ಅದು ಒದ್ದೆ ಹುಲ್ಲಿನ ಮೂಲಕ ಗಾಳಿ ತಳ್ಳಿ ಎರಡು ಗಂಟೆಯಲ್ಲಿ ಕೋಣೆಯನ್ನು ಮಳೆಗಾಲ ಮಾಡುತ್ತದೆ. ಬೆಳಿಗ್ಗೆ ಕೂಲರ್ ಆರಿಸಿದರೆ ಮತ್ತೆ ಒಣಗಾಳಿ. ಹೀಗೆ ಒಂದೇ ದಿನದಲ್ಲಿ ವಾದ್ಯ ಎರಡು ಋತುಗಳನ್ನು ಕಾಣುತ್ತದೆ. ಕೂಲರಿನ ಎದುರಿನ ಮೂಲೆಯಲ್ಲಿ, ಶಹಾಬಾದ್ ಕಲ್ಲಿನ ಗೋಡೆಗೆ ಒರಗಿಸಿಟ್ಟ ಒಂದು ಒಳ್ಳೆಯ ಜಪಾನೀ ಬೇಸ್ ನನ್ನ ಮೇಜಿಗೆ ಬಂದಾಗ ಅದರ ಫ್ರೆಟ್‌ಗಳ ತುದಿಗಳು ಹಲಗೆಯ ಅಂಚಿನಿಂದ ಹೊರಚಾಚಿ ಕೈ ಗೀರುತ್ತಿದ್ದವು. ಲೋಹ ಇದ್ದಷ್ಟೇ ಇತ್ತು, ಮರ ಅಡ್ಡಕ್ಕೆ ಕುಗ್ಗಿತ್ತು. ಅದನ್ನು ಅರದಿಂದ ಉಜ್ಜಿ ಸರಿ ಮಾಡಿದೆ. ಆದರೆ ನೆಕ್ ತಿರುಚಿಕೊಂಡಿದ್ದನ್ನು ಪೂರ್ತಿ ಸರಿಪಡಿಸಲು ಆಗಲಿಲ್ಲ.

ಆದ್ದರಿಂದ ಹೈದರಾಬಾದಿಗೆ ಹೋದಾಗ ಈ ಪರೀಕ್ಷೆಯನ್ನು ನೀವೇ ಮಾಡಿ. ವಾದ್ಯವನ್ನು ಸರಿಯಾದ ಶ್ರುತಿಗೆ ಏರಿಸಿ. ಅತಿ ದಪ್ಪನೆಯ ಇ ತಂತಿಯನ್ನು ಎಡಗೈಯಿಂದ ಮೊದಲ ಫ್ರೆಟ್ಟಿನಲ್ಲಿ, ಬಲಗೈಯಿಂದ ಕೊನೆಯ, ಅಂದರೆ ಇಪ್ಪತ್ತನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮಗೆ ಅಳತೆಗೋಲು. ಏಳು, ಎಂಟನೇ ಫ್ರೆಟ್ಟುಗಳ ಬಳಿ ತಂತಿಗೂ ಫ್ರೆಟ್ಟಿಗೂ ನಡುವೆ ಎಷ್ಟು ಸಂದಿದೆ ಎಂದು ಜೊತೆಗೆ ಬಂದವರು ನೋಡಲಿ. ಒಂದು ವಿಸಿಟಿಂಗ್ ಕಾರ್ಡ್, ಸುಮಾರು 0.3 ಮಿಲಿಮೀಟರ್, ಸಲೀಸಾಗಿ ಜಾರಿದರೆ ಉತ್ತಮ. ನಾಲ್ಕೈದು ಕಾರ್ಡುಗಳು ಒಟ್ಟಿಗೆ ಹೋಗುವಂತಿದ್ದರೆ ನೆಕ್ ಮುಂದಕ್ಕೆ ಬಾಗಿದೆ. ಸಂದಿಯೇ ಇಲ್ಲದಿದ್ದರೆ ಒಂದೋ ಪೂರ್ತಿ ನೇರವಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ. ಇದನ್ನೇ ತೆಳುವಾದ ಜಿ ತಂತಿಯ ಕಡೆಯೂ ಮಾಡಿ. ಎರಡೂ ಕಡೆಯ ಸಂದಿ ಬಹಳ ಬೇರೆಯಾಗಿದ್ದರೆ ನೆಕ್ ತಿರುಚಿದೆ ಎಂದರ್ಥ, ಅಂಥದ್ದನ್ನು ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.

ಬರೀ ಮುಂದಕ್ಕೆ ಬಾಗಿದ್ದರೆ ಮಾರುವವರು ಹೇಳಿದಂತೆ ಎರಡು ನಿಮಿಷದ ಕೆಲಸವೂ ಆಗಿರಬಹುದು, ಎರಡು ತಿಂಗಳದ್ದೂ ಆಗಿರಬಹುದು. ಯಾವುದು ಎಂದು ತಿಳಿಯುವುದು ಟ್ರಸ್ ರಾಡ್ ಇನ್ನೂ ತಿರುಗುತ್ತದೆಯೇ ಎಂಬುದರಿಂದ. ಎರಡು ನಿಮಿಷದ್ದಾದರೆ ನಿಮ್ಮೆದುರೇ ಮಾಡಿ ತೋರಿಸಲು ಹೇಳಿ. ತಲೆಯ ತುದಿಯ ಗುಂಡಿನಾಕಾರದ ನಟ್ಟಿಗೆ ಎಂಟನೇ ಒಂದು ಇಂಚಿನ ಆ್ಯಲನ್ ಕೀ ಬೇಕು. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 3 ಮಿಲಿಮೀಟರ್ ಕೀ ಅದರೊಳಗೆ ಹೊಕ್ಕುತ್ತದೆ, ಹೊಂದಿದಂತೆಯೂ ಅನ್ನಿಸುತ್ತದೆ, ಆದರೆ ಬಲ ಹಾಕಿದೊಡನೆ ಒಳಗಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಆದ್ದರಿಂದ ಸರಿಯಾದ ಕೀಯನ್ನು ನೀವೇ ಕೊಂಡೊಯ್ಯಿರಿ. ಕಾಲು ಸುತ್ತು ತಿರುಗಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಕಾರ್ಡ್ ಇಟ್ಟು ನೋಡಿ. ಸಂದಿ ಕಡಿಮೆಯಾಗಿದ್ದರೆ ರಾಡ್ ಜೀವಂತವಾಗಿದೆ. ನಟ್ ಕಲ್ಲಿನಂತೆ ನಿಂತಿದ್ದರೆ, ಇಲ್ಲವೇ ತಿರುಗಿಯೂ ನೆಕ್ ಕದಲದಿದ್ದರೆ ಹಿಂದಿನವರು ಅದನ್ನು ಕೊನೆಯವರೆಗೆ ಬಿಗಿದು ಮುಗಿಸಿದ್ದಾರೆ. ಆಗ ಉಳಿಯುವ ದಾರಿಗಳು ಫ್ರೆಟ್ ಕಿತ್ತು ಹಲಗೆಯನ್ನು ಮಟ್ಟ ಮಾಡುವುದು, ಶಾಖ ಕೊಟ್ಟು ನೆಕ್ ಒತ್ತುವುದು, ಬೇರೆ ನೆಕ್ ಹಾಕುವುದು. ಶಾಖ ಕೊಟ್ಟು ನೇರ ಮಾಡಿದ ನೆಕ್ಕುಗಳು ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಹಳೆಯ ಚಾಳಿಗೆ ಮರಳಿದ್ದನ್ನು ನಾನು ಮೂರು ಬಾರಿ ನೋಡಿದ್ದೇನೆ, ಅವುಗಳಲ್ಲಿ ಒಂದು ನನ್ನದೇ ಕೆಲಸ.

ಮೂರು ಸ್ಕ್ರೂಗಳ ಬಗ್ಗೆ ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ವಿನ್ಯಾಸ ಕೆಟ್ಟದ್ದಲ್ಲ, ನೆಕ್ಕಿನ ಓರೆಯನ್ನು ಬಿಚ್ಚದೆಯೇ ತಿದ್ದುವ ಸೌಲಭ್ಯ ಅದರಲ್ಲಿದೆ. ಕೆಟ್ಟದ್ದು ಆ ಕಾಲದ ಮರಗೆಲಸ: ನೆಕ್ ಕೂರುವ ಕುಳಿಯನ್ನು ಹಲವು ಬಾರಿ ಸಡಿಲವಾಗಿ ಕೊರೆದರು. ಒಡಲನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದು ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ಒತ್ತಿ. ಬುಡದಲ್ಲಿ ಕಿರ್ರೆಂದು ಕದಲಿದರೆ, ಜಿ ತಂತಿ ಹಲಗೆಯ ಅಂಚಿಗೆ ಸರಿದರೆ, ಕುಳಿ ಸಡಿಲ. ತೆಳು ಮರದ ಪಟ್ಟಿ ಕೂರಿಸಿ ಬಿಗಿದರೆ ಸರಿಹೋಗುತ್ತದೆ, ಸಾವಿರ ರೂಪಾಯಿಯ ಒಳಗಿನ ಕೆಲಸ. ತೂಕವನ್ನೂ ನೋಡಿಕೊಳ್ಳಿ. ಆ ವರ್ಷಗಳ ಆ್ಯಶ್ ಮರದ ಒಡಲುಗಳು ಭಾರ, ಐದು ಕಿಲೋ ಮುಟ್ಟುವವೂ ಇವೆ. ಅರ್ಧ ಗಂಟೆ ಕುಳಿತು ನುಡಿಸಿದಾಗ ಅದು ಗೊತ್ತಾಗದು. ಗಣೇಶ ವಿಸರ್ಜನೆಯ ರಾತ್ರಿ ಮೂರನೆಯ ಗಂಟೆಯಲ್ಲಿ ಎಡ ಹೆಗಲಿಗೆ ಗೊತ್ತಾಗುತ್ತದೆ.

ಗುಂಯ್ ಎನ್ನುವ ಸದ್ದಿಗೆ ಹೆದರಬೇಡಿ. ಜಾಝ್ ಬೇಸಿನ ಎರಡು ಪಿಕಪ್ಪುಗಳ ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸುತ್ತಿರುತ್ತಾರೆ. ಎರಡೂ ವಾಲ್ಯೂಮ್ ಪೂರ್ತಿ ತೆರೆದಾಗ ಒಂದರ ಗುಂಯ್‌ಕಾರವನ್ನು ಇನ್ನೊಂದು ಅಳಿಸುತ್ತದೆ, ಒಂದನ್ನು ಇಳಿಸಿದರೆ ಅದು ಮರಳುತ್ತದೆ. ಅದು ಈ ವಾದ್ಯದ ಹುಟ್ಟುಗುಣ. ನಮ್ಮಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49 ಹರ್ಟ್ಸ್. ಹೀಗಾಗಿ ಮಂಟಪದ ಡಿಮ್ಮರ್ ದೀಪಗಳ ಕೆಳಗೆ ಆ ಸ್ವರ ಹಿಡಿದರೆ ಪಕ್ಕದಲ್ಲಿ ಯಾರೋ ಅಪಶ್ರುತಿಯಲ್ಲಿ ಗುನುಗುತ್ತಿರುವಂತೆ ಕೇಳಿಸುತ್ತದೆ. ತಂತಿ ಮುಟ್ಟಿದೊಡನೆ ಸದ್ದು ಇಳಿದರೆ ಒಳಗಿನ ಅರ್ತ್ ತಂತಿ ಸರಿಯಿದೆ. ಒಂದು ಪಿಕಪ್ ಪೂರ್ತಿ ಮೂಕವಾಗಿದ್ದರೆ ಮಾತ್ರ ಮಲ್ಟಿಮೀಟರ್ ಹಿಡಿಯಬೇಕು: ಏಳೆಂಟು ಸಾವಿರ ಓಮ್ ತೋರಿಸಿದರೆ ಸುರುಳಿ ಜೀವಂತ, ಏನೂ ತೋರಿಸದಿದ್ದರೆ ಕೂದಲೆಳೆಯಂಥ ತಾಮ್ರ ಎಲ್ಲೋ ತುಂಡಾಗಿದೆ.

ಆಂಪ್ಲಿಫೈಯರ್ ಬೇಡ. ಅದು 120 ವೋಲ್ಟಿನದು, ನಮ್ಮದು 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದು, ನಿಜ. ಆದರೆ ಎರಡೇ ಕಡ್ಡಿಯ ಪ್ಲಗ್ಗಿನ ಹಳೆಯ ಯಂತ್ರಗಳಲ್ಲಿ ವಿದ್ಯುತ್ತಿನ ತಂತಿಯಿಂದ ಲೋಹದ ಚೌಕಟ್ಟಿಗೆ ಒಂದು ಕೆಪಾಸಿಟರ್ ಜೋಡಿಸಿರುತ್ತಿದ್ದರು. ಅದು ಹಾಳಾದ ದಿನ ನಿಮ್ಮ ಬೇಸಿನ ತಂತಿಗಳಲ್ಲಿ ವಿದ್ಯುತ್ ಹರಿಯುತ್ತದೆ, ತುಟಿ ಮೈಕಿಗೆ ತಾಗಿದರೆ ಮುಂದಿನದನ್ನು ಹೇಳಬೇಕಿಲ್ಲ. ಪೆಂಡಾಲಿನ ಜನರೇಟರಿನಲ್ಲಿ ಅರ್ತಿಂಗ್ ಹೇಗಿರುತ್ತದೆ ಎಂಬುದು ನಿಮಗೂ ಗೊತ್ತು. ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರುಗಳು ಕೊಲ್ಲುವಷ್ಟು ವಿದ್ಯುತ್ ಹಿಡಿದಿಟ್ಟುಕೊಂಡಿರುತ್ತವೆ, ಆದ್ದರಿಂದ ಕುತೂಹಲಕ್ಕೂ ಬಿಚ್ಚಬೇಡಿ. ಯಾವ ಆಂಪ್ಲಿಫೈಯರ್ ಬಳಸಿದರೂ ಅದನ್ನೂ ಮಿಕ್ಸರನ್ನೂ ಒಂದೇ ಬೋರ್ಡಿಗೆ ಹಾಕಿಸಿ, ನುಡಿಸುವ ಮುನ್ನ ಟೆಸ್ಟರಿನಿಂದ ಮೈಕಿನ ಜಾಲರಿ ಮುಟ್ಟಿ ನೋಡಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ನೆಕ್ ನೇರವಿದ್ದು, ರಾಡ್ ತಿರುಗುತ್ತಿದ್ದು, ಒಳಗಿನ ಮುದ್ರೆಗಳು ಹೊಂದಿದರೆ ಈ ವಾದ್ಯ ಕೊಳ್ಳಲು ಯೋಗ್ಯ; ಆಗಲೂ ಫ್ರೆಟ್ ಬದಲಿಸುವ ಖರ್ಚೆಂದು ಹದಿನೈದು ಸಾವಿರ ತೆಗೆದಿಟ್ಟುಕೊಂಡು ಚೌಕಾಸಿ ಮಾಡಿ. ಎರಡನೆಯದು ಜಪಾನಿನ ಹಳೆಯ ವಾದ್ಯಗಳು. ಫೆಂಡರ್ ಜಪಾನ್ 1982ರಲ್ಲಿ ಆರಂಭವಾಯಿತು, ಅದಕ್ಕೂ ಮೊದಲೇ ಗ್ರೆಕೋ, ಟೋಕಾಯ್, ಯಮಹಾ ಬಿಬಿ ಸರಣಿಯ ಬೇಸುಗಳಿದ್ದವು. ಮರಗೆಲಸದಲ್ಲಿ ಇವು ಅದೇ ಕಾಲದ ಅಮೆರಿಕನ್ ವಾದ್ಯಗಳಿಗೆ ಕಡಿಮೆಯಲ್ಲ, ಹಲವು ಬಾರಿ ಮೇಲು, ಬೆಲೆ ಮಾತ್ರ ಬಹಳ ಕೆಳಗೆ. ಇವುಗಳನ್ನು ‘ಮೊಕದ್ದಮೆ ಕಾಲದವು’ ಎಂದು ಹೇಳಿ ಬೆಲೆ ಏರಿಸುವವರಿದ್ದಾರೆ. ಇದ್ದದ್ದು 1977ರಲ್ಲಿ ಗಿಬ್ಸನ್ನಿನ ಮಾತೃಸಂಸ್ಥೆ ಐಬನೀಜ್ ವಿತರಕರ ಮೇಲೆ ತಲೆಯ ಆಕಾರಕ್ಕಾಗಿ ಹೂಡಿದ ಒಂದೇ ಮೊಕದ್ದಮೆ, ನಿಮ್ಮ ಬೇಸಿಗೂ ಅದಕ್ಕೂ ಸಂಬಂಧವಿಲ್ಲ. ಪಿಟೀಲಿನ ಆಕಾರದ ಹೋಫ್ನರ್, ಗಿಬ್ಸನ್ ಇಬಿ ಮುಂತಾದ ಗಿಡ್ಡ ನೆಕ್ಕಿನ ಬೇಸುಗಳು ಚೆಲುವಾದರೂ ತಂತಿಯುದ್ದ 30 ಇಂಚಿನ ಆಸುಪಾಸು. ಹದಿನಾಲ್ಕು ವರ್ಷ 34 ಇಂಚಿಗೆ ಒಗ್ಗಿದ ಕೈಗೆ ಅವು ಬೇಗ ಒಗ್ಗುವುದಿಲ್ಲ.

ಮೂರನೆಯದನ್ನು ಹೇಳಿದರೆ ನಿಮಗೆ ನಿರಾಸೆಯಾಗಬಹುದು. ಹೈದರಾಬಾದಿಗೆ ಹೋಗುವ ಮೊದಲು ನಿಮ್ಮ ಹದಿನೈದು ಸಾವಿರದ ವಾದ್ಯಕ್ಕೆ ಫ್ರೆಟ್ ಮಟ್ಟ ಮಾಡಿಸಿ, ತಲೆಯ ಬಳಿ ತಂತಿಗಳು ಕೂರುವ ಪಟ್ಟಿಯನ್ನು (ಅದನ್ನೂ ನಟ್ ಎನ್ನುತ್ತಾರೆ) ಕೊರೆಸಿ, ಒಳ್ಳೆಯ ಫ್ಲಾಟ್‌ವೂಂಡ್ ತಂತಿ ಹಾಕಿಸಿ. ಏಳೆಂಟು ಸಾವಿರದೊಳಗೆ ಮುಗಿಯುತ್ತದೆ. ಒಂದು ತಿಂಗಳು ಅದನ್ನು ನುಡಿಸಿ ಹೋದರೆ ಹಳೆಯ ವಾದ್ಯದಲ್ಲಿ ನಿಮಗೆ ಇಷ್ಟವಾದದ್ದು ವಾದ್ಯವೋ, ಅದರ ಮೇಲಿದ್ದ ಹದವಾದ ಹಳೆಯ ತಂತಿಯೋ ಎಂಬುದು ಗೊತ್ತಾಗುತ್ತದೆ. ಹೀಗೆ ಮಾಡಿಸಿಕೊಂಡ ಮೇಲೆ ಕೊಳ್ಳುವ ಯೋಚನೆ ಬಿಟ್ಟವರೂ ಇದ್ದಾರೆ, ಇನ್ನೂ ಗಟ್ಟಿಯಾಗಿ ಬೇಕೆಂದು ಹೋಗಿ ಕೊಂಡವರೂ ಇದ್ದಾರೆ. ಎರಡನೆಯವರು ಚೌಕಾಸಿ ಚೆನ್ನಾಗಿ ಮಾಡಿದರು.

ಕೊಂಡೇ ತಂದಿರಿ ಎಂದಿಟ್ಟುಕೊಳ್ಳಿ. ವರ್ಷಕ್ಕೆರಡು ಬಾರಿ ನೆಕ್ ತಿದ್ದಿಸಿ: ಶರಣಬಸವೇಶ್ವರ ಜಾತ್ರೆ ಮುಗಿದು ಬಿಸಿಲು ಏರುವಾಗ ಒಮ್ಮೆ, ಮಿರಗದ ಮಳೆ ಹಿಡಿದು ಹದಿನೈದು ದಿನವಾದ ಮೇಲೆ ಒಮ್ಮೆ. ನಾಲ್ಕುನೂರು ರೂಪಾಯಿಯ ತೇವಮಾಪಕವೊಂದನ್ನು ಪೆಟ್ಟಿಗೆಯೊಳಗಿಡಿ, ಮುಳ್ಳು ಶೇಕಡಾ 40ರಿಂದ 55ರ ನಡುವೆ ಇದ್ದರೆ ಸಾಕು. ಕೂಲರ್ ಇರುವ ಕೋಣೆಯಲ್ಲಿ ವಾದ್ಯ ಹೊರಗಿರಬಾರದು. ಹೈದರಾಬಾದಿನಿಂದ ಬರುವಾಗ ಬಸ್ಸಿನ ಕೆಳಗಿನ ಡಿಕ್ಕಿಗೆ ಹಾಕದೆ, ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ತಂತಿಗಳನ್ನು ಒಂದು ಸ್ವರ ಇಳಿಸಿ, ರೈಲಿನಲ್ಲಿ ನಿಮ್ಮ ಜೊತೆಯೇ ತನ್ನಿ. ಮನೆಗೆ ಬಂದ ರಾತ್ರಿ ಯಾರು ಎಷ್ಟು ಒತ್ತಾಯ ಮಾಡಿದರೂ ಪೆಟ್ಟಿಗೆ ತೆರೆಯಬೇಡಿ. ಒಳಗಿನ ಮರ ಹೊಸ ಕೋಣೆಯ ಗಾಳಿಗೆ ನಿಧಾನವಾಗಿ ಹೊಂದಿಕೊಳ್ಳಲಿ. ಮರುದಿನ ಮಧ್ಯಾಹ್ನ ತೆರೆದು, ಶ್ರುತಿಗೆ ಏರಿಸಿ, ಮತ್ತೊಮ್ಮೆ ಆ ವಿಸಿಟಿಂಗ್ ಕಾರ್ಡ್ ಇಟ್ಟು ನೋಡಿ.